ಶೆರ್ಗಾಜಿಯ ತಾಯಿಯ ತಲೆವಸ್ತ್ರ

ಹಾವಿನ ಹಗೆ ಹನ್ನೆರಡು ವರ್ಷ ಅನ್ನುತ್ತಾರೆ. ದೋರೋನ್‌ಬೆಕ್ಕನದು ನಲವತ್ತು ದಾಟಿತ್ತು.

ಅವನಿಗೆ ಹದಿಮೂರಾಗಿದ್ದಾಗ ಹೋತದಾಟದಲ್ಲಿ, ಎಂದರೆ ಕುದುರೆಯ ಮೇಲಿಂದಲೇ ಹೋತದ ಮುಂಡಕ್ಕಾಗಿ ಕಿತ್ತಾಡುವ ಆಟದಲ್ಲಿ, ಶೆರ್ಗಾಜಿ ಅವನನ್ನು ಕೆಳಕ್ಕೆಳೆದು ತೋಳು ಮುರಿದಿದ್ದ. ನೋವಿಗೆ ಅತ್ತನೆಂದು ತನ್ನ ತಾಯಿಯ ತಲೆವಸ್ತ್ರ ತಂದು ಇಡೀ ಸುಸಾಮಿರ್ ಕಣಿವೆಯ ಎದುರು ಅವನ ತಲೆಗೆ ಕಟ್ಟಿದ್ದ. ತೋಳು ಕೂಡಿಕೊಂಡಿತು, ಮನಸ್ಸು ಕೂಡಲಿಲ್ಲ. ಆ ವಸ್ತ್ರ ದೋರೋನ್‌ಬೆಕ್ಕನ ಪೆಟ್ಟಿಗೆಯ ತಳದಲ್ಲಿ ಹಾಗೇ ಉಳಿಯಿತು. ಮುಂದೆ ದೋರೋನ್‌ಬೆಕ್ ಹುಡುಗರನ್ನು ಇದೇ ಆಟಕ್ಕೆ ಪಳಗಿಸುವವನಾದ. ಅವನ ಕೈಯಲ್ಲಿ ಒಂದು ಬೇಸಿಗೆ ಕಳೆದ ಹುಡುಗ ಯಾವುದಕ್ಕೂ ಜಗ್ಗುವುದಿಲ್ಲ ಎಂದು ಹೆಸರಾಯಿತು.

ಆ ಹೆಸರು ಕೇಳಿಯೇ ಶೆರ್ಗಾಜಿ ಮೊಮ್ಮಗನನ್ನು ಕರೆತಂದ.

"ಮಾತೆತ್ತಿದ್ರೆ ಅಳ್ತಾನೆ ಕಣೋ ಈ ಎಸೆನ್. ಗಂಡಸು ಮಾಡ್ಕೊಡು."

"ಬಿಟ್ಟು ಹೋಗು. ಹಬ್ಬದ ದಿನ ಆಟಕ್ಕೆ ಇಳಿಸ್ತೀನಿ, ಬಂದು ನೋಡು."

ಹಬ್ಬದ ದಿನ ಈ ಹುಡುಗ ಅಳುತ್ತಾ ಕುದುರೆ ಇಳಿಯಬೇಕು, ಅದೇ ವಸ್ತ್ರ ಇವನ ತಲೆಗೇರಬೇಕು, ಅದನ್ನು ಶೆರ್ಗಾಜಿ ನೋಡಬೇಕು. ದೋರೋನ್‌ಬೆಕ್ಕನಿಗೆ ಬೇಕಾಗಿದ್ದು ಇಷ್ಟೇ.

ಬೇರೆ ಹುಡುಗರಿಗೆ ತಿಂಗಳುಗಟ್ಟಲೆ ಹಂಚಿ ಕೊಡುತ್ತಿದ್ದ ಕಷ್ಟವನ್ನು ಎಸೆನ್ ಮೇಲೆ ಒಂದೇ ವಾರದಲ್ಲಿ ಸುರಿದ. ಜೀನಿಲ್ಲದ, ಕಚ್ಚುವ ಕುದುರೆ. ಮಂಜು ಕರಗಿ ಬಂದ ಹೊಳೆಯಲ್ಲಿ ಸ್ನಾನ. ಎತ್ತಲು ಒದ್ದೆ ಮರಳು ತುಂಬಿದ ಕುರಿಚರ್ಮ. ಹುಡುಗ ದಿನಾ ಬಿದ್ದ, ದಿನಾ ಅತ್ತ.

"ಮನೆಗೆ ಹೋಗ್ತೀಯೇನೋ?"

"ಇಲ್ಲ ತಾತ," ಹುಡುಗ ಸಿಂಬಳ ಒರೆಸಿಕೊಂಡ. "ಅಳೋದು ಕಣ್ಣು ತಾನೇ? ಕೈಗೇನಾಗಿದೆ?"

ದೋರೋನ್‌ಬೆಕ್ಕನಿಗೆ ಮೈ ಉರಿಯಿತು. ಹದಿಮೂರರಲ್ಲಿ ತನಗೆ ಈ ಮಾತು ಹೊಳೆದಿರಲಿಲ್ಲ. ಮರುದಿನ ಇನ್ನಷ್ಟು ಮರಳು ತುಂಬಿಸಿದ.

ಹಬ್ಬಕ್ಕೆ ಅವನು ವಸ್ತ್ರವನ್ನು ಅಂಗಿಯೊಳಗೆ ಇಟ್ಟುಕೊಂಡೇ ಬಂದ. ಎಸೆನ್ ಆಟದುದ್ದಕ್ಕೂ ಅತ್ತ. ಚಾವಟಿ ತಗುಲಿ ತುಟಿ ಒಡೆಯಿತು, ಮುಂಡ ಮಾತ್ರ ಅವನ ತೊಡೆಯಡಿಯಿಂದ ಕದಲಲಿಲ್ಲ. ಗೆದ್ದವನು ಮುಂಡವನ್ನು ತಾನು ಗೌರವಿಸುವ ಹಿರಿಯನ ಬಾಗಿಲಿಗೆ ಎಸೆಯುವುದು ಪದ್ಧತಿ. ಶೆರ್ಗಾಜಿ ಆಗಲೇ ತನ್ನ ಡೇರೆಯ ಮುಂದೆ ಮೀಸೆ ತಿರುವುತ್ತಾ ನಿಂತಿದ್ದ. ಹುಡುಗ ಅವನನ್ನು ದಾಟಿಕೊಂಡು ಹೋಗಿ ದೋರೋನ್‌ಬೆಕ್ಕನ ಡೇರೆಯ ಬಾಗಿಲಿಗೆ ಎಸೆದ. ತನ್ನನ್ನು ಮುರಿಯಲು ನೋಡಿದವನ ಬಾಗಿಲಿಗೇ.

ಕಣಿವೆಯೆಲ್ಲ ನೋಡಿತು. ಶೆರ್ಗಾಜಿಯ ಕಣ್ಣು ತುಂಬಿತು.

ದೋರೋನ್‌ಬೆಕ್ ನೇರ ಅವನ ಬಳಿಗೆ ನಡೆದ. ಬಾಳಿನಲ್ಲಿ ಇಷ್ಟು ಸಿಹಿಯಾದ ದಿನವನ್ನು ಅವನು ಕಂಡಿರಲಿಲ್ಲ.

"ಹುಡುಗ ಇನ್ನೂ ಅಳ್ತಾನೆ ಶೆರ್ಗಾಜಿ. ಅದನ್ನ ಬಿಡಿಸೋಕೆ ನನ್ನ ಕೈಲಿ ಆಗ್ಲಿಲ್ಲ." ವಸ್ತ್ರ ತೆಗೆದು ಅವನ ಕೈಗಿಟ್ಟ. "ನಿಮ್ಮಮ್ಮಂದು. ಕಣ್ಣೊರೆಸ್ಕೋ, ಜನ ನೋಡ್ತಿದಾರೆ."