ಹೊಸಹೊಳಲಿಗೆ, ಕುರಿಗಳ ಲೆಕ್ಕ ತಿದ್ದಲು

ತೊಂಬತ್ತರ ದಶಕದ ಒಂದು ಕಾರ್ತಿಕದ ಬೆಳಿಗ್ಗೆ ಶ್ರೀರಂಗಪಟ್ಟಣದಲ್ಲಿ ಬಸ್ಸು ಹತ್ತಿದೆ. ಹೊರಟಿದ್ದು ಕೆ.ಆರ್. ಪೇಟೆ ಪಕ್ಕದ ಹೊಸಹೊಳಲಿಗೆ, ನನ್ನ ಹೆಂಡತಿಯ ತಮ್ಮ ನಿಂಗನ ಮನೆಗೆ. ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದು.

ಹಿಂದಿನ ವಾರ ನಾಗಮಂಗಲದ ಕಡೆಯಿಂದ ಎದ್ದು ಬಂದ ಗಾಳಿಮಳೆಗೆ ನಿಂಗನ ಕುರಿದೊಡ್ಡಿ ಕುಸಿದು ಕುರಿಗಳು ಸತ್ತಿದ್ದವು. ವಿಮೆ ಇರಲಿಲ್ಲ. ವಿಮೆಗೆ ಕುರಿಗಳನ್ನು ಎಣಿಸಿ ಕಿವಿಗೆ ಬಿಲ್ಲೆ ಹಾಕಿಸಬೇಕು. ಅವರ ಮನೆಯಲ್ಲಿ ಕುರಿ ಎಣಿಸುವುದಿಲ್ಲ. ಎಣಿಕೆ ಬಾಯಿಗೆ ಬಂದರೆ ಮಂದೆ ಕರಗುತ್ತದೆಂಬ ನಂಬಿಕೆ. ವಿಮೆ ಇಲ್ಲದವರಿಗೂ ಸರ್ಕಾರದ ಪರಿಹಾರ ಉಂಟೆಂದು ರೆವಿನ್ಯೂ ಇನ್‌ಸ್ಪೆಕ್ಟರು ಮಹಜರಿಗೆ ಬಂದ ದಿನ ನಾನೂ ಅಲ್ಲಿದ್ದೆ. ಎಷ್ಟು ಸತ್ತವು ಎಂದು ಅವರು ಕೇಳಿದರೆ ನಿಂಗ, "ಏನೋ ಒಂದಷ್ಟು ಸ್ವಾಮಿ" ಎಂದ. ಎಸ್ಸೆಸ್ಸೆಲ್ಸಿ ಓದಿದ ನನಗೆ ನಾಚಿಕೆಯಾಯಿತು. ಅಂಗಳದಲ್ಲಿ ಬಿದ್ದಿದ್ದವನ್ನು ಎಣಿಸಿ "ಎಂಟು" ಎಂದುಬಿಟ್ಟೆ. ನಿಂಗ ತಲೆ ತಗ್ಗಿಸಿದ.

ಇನ್ನಷ್ಟು ಕುರಿಗಳು ಹಳ್ಳದಲ್ಲಿ ಕೊಚ್ಚಿಹೋಗಿದ್ದವೆಂದು ಮನೆಗೆ ಬಂದ ಮೇಲೆ, ತವರಿನ ಸುದ್ದಿ ಕೇಳಿದ್ದ ಹೆಂಡತಿ ಹೇಳಿದಳು. "ಎಂಟಲ್ಲ ಅನ್ನಕ್ಕೆ ಅವನು ಎಷ್ಟು ಅಂತ ಏಳ್ಬೇಕಲ್ಲ? ನಿಮ್ಗಷ್ಟೂ ಗೊತ್ತಾಗ್ಲಿಲ್ವಾ?"

ಪಾಂಡವಪುರದಲ್ಲಿ ಬಸ್ಸು ಬದಲಿಸಿದೆ. ಕಬ್ಬಿನ ಗಾಡಿಗಳು ಸಕ್ಕರೆ ಕಾರ್ಖಾನೆಯತ್ತ ಸಾಲುಗಟ್ಟಿದ್ದವು. ನಿಲ್ದಾಣದವರೆಗೂ ಕಾಕಂಬಿಯ ವಾಸನೆ. ಎರಡು ಇಡ್ಲಿ ತಿಂದೆ. ಕೆ.ಆರ್. ಪೇಟೆಯಲ್ಲಿ ಇಳಿದು ಹೊಸಹೊಳಲಿಗೆ ನಡೆದೇ ಹೋದೆ. ಮಳೆ ಬಿಟ್ಟಿತ್ತು, ರಸ್ತೆ ಇನ್ನೂ ಕೆಸರಾಗಿತ್ತು.

ನಿಂಗ ದೊಡ್ಡಿಯ ಗೋಡೆಗೆ ಮಣ್ಣು ಮೆತ್ತುತ್ತಿದ್ದ. ನನ್ನನ್ನು ಕಂಡು, "ಏನ್ ಬಾವ, ಮಿಕ್ಕಿರೋವ್ನೂ ಎಣ್ಸಿ ಮುಗ್ಸಕ್ಕೆ ಬಂದ್ಯಾ?" ಎಂದ.

"ಅಣ್ಣ ಮೊದ್ಲು ಉಣ್ಲಿ ಬುಡು, ಆಮ್ಯಾಕೆ ಬೈಯೀವಂತೆ" ಎಂದು ಅವನ ಹೆಂಡತಿ ರತ್ನ ಮುದ್ದೆ, ಅವರೆಕಾಳು ಸಾರು ಬಡಿಸಿದಳು. ಬೈಯುವವನು ಪಕ್ಕದಲ್ಲೇ ಕೂತು ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟ.

"ತಪ್ಪಾಯ್ತು ಕಣ್ಲಾ" ಎಂದೆ. "ಪರಿಹಾರದ ಪಟ್ಟಿ ಇವತ್ತೇ ಮೇಲಕ್ಕೆ ಹೋಗುತ್ತಂತೆ. ನಡಿ, ಬರೆಸಿ ಬರೋಣ."

"ಎಣಿಕೆ ಮಾತ್ರ ನನ್ ಬಾಯಲ್ಲಿ ಬರಾಕಿಲ್ಲ ಬಾವ."

"ಬರೋದು ಬೇಡ. ಹೆಸರು ಹೇಳ್ತೀಯೇನ್ಲಾ?"

ಅವನು ಕೈ ತೊಳೆದು ಟವೆಲ್ ಹೆಗಲಿಗೆ ಹಾಕಿದ.

ತಾಲ್ಲೂಕು ಕಚೇರಿಯಲ್ಲಿ ಇನ್‌ಸ್ಪೆಕ್ಟರು ತಾಳ್ಮೆಯಿಂದ ಕೇಳಿದರು. ಹಳ್ಳದ ಕೆಳಗೆ ಸಿಕ್ಕ ಕುರಿಗಳನ್ನು ಊರವರು ಹೂತಿದ್ದ ಸುದ್ದಿ ಅವರಿಗೂ ಮುಟ್ಟಿತ್ತು. "ಸಂಖ್ಯೆ ಇಲ್ಲದೆ ಏನಂತ ಬರೀಲಿ ಯಜಮಾನ್ರೇ?" ಎಂದು ನನ್ನನ್ನು ಕೇಳಿದರು.

"ಇವನು ಹೆಸರು ಹೇಳ್ತಾನೆ ಸಾರ್. ಹೆಸರಿಗೊಂದು ಗೀಟು ಎಳ್ಕೊಳ್ಳಿ. ನಾನು ಹೇಳಿದ್ದು ತಪ್ಪು ಅಂತ ಬೇಕಾದ್ರೆ ಬರೆದು ಕೊಡ್ತೀನಿ."

ಅವರು ನಕ್ಕು ಪೆನ್ನು ಹಿಡಿದರು. ನಿಂಗ ಕಣ್ಣು ಮುಚ್ಚಿ ಶುರುಮಾಡಿದ. "ಕರ್ಮೂತಿ. ಬೋಳಿ. ಬೋಳಿ ಮಗ್ಳು. ಕುಂಟಿ. ಕಿವಿಅರ್ಕಿ..." ಪಕ್ಕದ ಮೇಜಿನವರೂ ಟೈಪು ನಿಲ್ಲಿಸಿದರು. ಕೊನೆಗೆ ತಡವರಿಸಿದ. "ಇನ್ನೊಂದು ಮರಿ. ನನ್ನೆಂಡ್ರು ಬಾಟ್ಲೀಲಿ ಆಲು ಕುಡ್ಸಿ ಸಾಕಿದ್ಲು. ಅದ್ಕೆ ಎಸ್ರಿಕ್ಕಿರ್ನಿಲ್ಲ ಸ್ವಾಮಿ. ಬಾ ಅಂದ್ರೆ ಬರೋದು."

ಇನ್‌ಸ್ಪೆಕ್ಟರು ಅದಕ್ಕೂ ಒಂದು ಗೀಟು ಎಳೆದರು. ಗೀಟುಗಳನ್ನು ಮನಸ್ಸಿನಲ್ಲೇ ಕೂಡಿ, ಹಾಳೆಯನ್ನು ಕೈಯಿಂದ ಮರೆಮಾಡಿ ಮೊತ್ತ ಬರೆದರು. ನಿಂಗ ಕಿಟಕಿಯಾಚೆ ನೋಡುತ್ತಾ ಹೆಬ್ಬೆಟ್ಟು ಒತ್ತಿದ.

ಸಂಜೆ ಬಸ್ಸಿಗೆ ಹತ್ತಿಸುವಾಗ ಅವನು ಮೆಲ್ಲಗೆ ಕೇಳಿದ: "ಬಾವ, ನೀನು ಎಣ್ಸಲಿಲ್ಲ ತಾನೆ?"

"ಇಲ್ಲ ಕಣ್ಲಾ."

"ಅಂಗಾದ್ರೆ ಅಬ್ಬಕ್ಕೆ ಬಾ. ಅಕ್ಕನ್ನೂ ಕರ್ಕೊಂಬಾ."

ಬಸ್ಸು ಪಾಂಡವಪುರದ ದಾರಿ ಹಿಡಿಯಿತು. ಕತ್ತಲಾಗುತ್ತಿದ್ದ ಕಬ್ಬಿನ ಗದ್ದೆಗಳನ್ನು ನೋಡುತ್ತಾ ಆ ಹೆಸರುಗಳನ್ನು ಒಂದೊಂದಾಗಿ ನೆನೆದುಕೊಂಡೆ. ಕರಿಮೂತಿ, ಬೋಳಿ, ಬೋಳಿಯ ಮಗಳು. ತೊಡೆಯ ಮೇಲಿದ್ದ ಕೈ ನೋಡಿದರೆ ಮೂರು ಬೆರಳು ಮಡಚಿಕೊಂಡಿದ್ದವು. ಬೇಗನೆ ಬಿಚ್ಚಿ, ಮುಂದಿನ ಸೀಟಿನ ಕಂಬಿ ಹಿಡಿದುಕೊಂಡೆ.