ಹದಿಮೂರರ ವಕೀಲೆ, ಆಸ್ತಿಯಾಗಿದ್ದ ಹೆಂಗಸು

ಕಳೆದ ಭಾನುವಾರ ಇಂಗ್ಲೆಂಡಿನ ಡಿಡ್ಸ್‌ಬರಿಯ ನಮ್ಮ ಊಟದ ಟೇಬಲ್ಲಿನಲ್ಲಿ ನಾನು ಮಗಳ ವಿರುದ್ಧ ಸತತ ನಾಲ್ಕು ಕೇಸು ಗೆದ್ದೆ. (ವೃತ್ತಿಯಲ್ಲಿ ನಾನು ಜಿಪಿ, ಅಂದರೆ ಫ್ಯಾಮಿಲಿ ಡಾಕ್ಟರು. ಮನೆಯಲ್ಲಿ ಗೆಲ್ಲುವ ಅವಕಾಶ ಅಪರೂಪ, ಬಿಟ್ಟೇನೆಯೇ?)

ವಿಷಯ ಇಷ್ಟು. ಹದಿಮೂರರ ಮೈತ್ರಿಗೆ ಶುಕ್ರವಾರ ಹಿಸ್ಟರಿ ಕ್ಲಾಸಿನಲ್ಲಿ ಅಣಕು ಕೋರ್ಟು. ಹಳೇ ಕಾಲದ ಅಮೆರಿಕದಲ್ಲಿ ಬಿಡುಗಡೆ ಕೇಳಿ ಬಂದ ಗುಲಾಮ ಹೆಂಗಸಿನ ಪರ ಅವಳು ವಕೀಲೆ. ಪ್ರಾಕ್ಟೀಸಿಗೆಂದು ನಾನು ಮಾಲೀಕನ ವಕೀಲೆ.

ನನ್ನ ಕೆಲಸ ಬಹಳ ಸುಲಭವಿತ್ತು. ಆಗಿನ ಕಾನೂನಿನಲ್ಲಿ ಗುಲಾಮರೆಂದರೆ ಮಾಲೀಕನ ಆಸ್ತಿ. ಮಾರಬಹುದು, ಮಕ್ಕಳಿಗೆ ಬರೆದುಕೊಡಬಹುದು. ತಾಯಿ ಗುಲಾಮಳಾದರೆ ಹುಟ್ಟಿದ ಕೂಸೂ ಆಸ್ತಿಯೇ. ಮೈತ್ರಿ ಏನೇ ಹೇಳಲಿ, ನಾನು "ಪ್ರಾಪರ್ಟಿ, ಮೈ ಲಾರ್ಡ್" ಅನ್ನುತ್ತಿದ್ದೆ. ನೀವೇ ಹೇಳಿ, ಇಂಥ ಕೇಸು ಯಾರು ಸೋಲುತ್ತಾರೆ?

ನಾಲ್ಕನೇ ಸೋಲಿಗೆ ಅವಳ ಕಣ್ಣು ತುಂಬಿತು. ಶುಕ್ರವಾರ ಸ್ಕೂಲಿಗೇ ಹೋಗುವುದಿಲ್ಲ ಅಂದಳು, ಇಂಗ್ಲಿಷಿನಲ್ಲಿ. ನನಗೆ ನಿಜಕ್ಕೂ ನಾಚಿಕೆಯಾಯಿತು.

ಆಗ ಕೊತ್ತಂಬರಿ ಸೋಸುತ್ತಿದ್ದ ನಮ್ಮ ಅತ್ತೆ ಬಾಯಿ ತೆರೆದರು. ಧಾರವಾಡದಿಂದ ಬಂದು ತಿಂಗಳಾಯಿತು. "ಅಲ್ಲವಾ, ಆ ಹೆಣಮಗಳು ಏನರ ಕದ್ದರ ಏನ ಮಾಡತಿದ್ರು?"

"ಕೋರ್ಟಿಗೆ ಎಳೆದು ಶಿಕ್ಷೆ ಕೊಡ್ತಿದ್ರು ಅತ್ತೆ."

"ನಿನ್ನ ಗಂಡ ಸಣ್ಣವಿದ್ದಾಗ ಬಾಗಲಕ್ಕ ಹಣಿ ಬಡಕೊಂಡು ಅಳತಿದ್ದ. ನಾ ಆ ಬಾಗಲಕ್ಕ ಎರಡೇಟು ಹಾಕಿ ಸಮಾಧಾನ ಮಾಡತಿದ್ದೆ. ಅದನ್ನೇನು ಕೋರ್ಟಿಗೆ ಒಯ್ದಿರಲಿಲ್ಲ. ಮಾರೂವಾಗ ಸಾಮಾನು, ಶಿಕ್ಷಾ ಕೊಡೂವಾಗ ಮನಷ್ಯಾ. ಇದು ಎಲ್ಲೀ ನ್ಯಾಯವಾ?"

ಮೈತ್ರಿ ಪೆನ್ನು ಹುಡುಕಿ ತಂದು, "ಅಜ್ಜಿ, ಇನ್ನೊಂದ್ಸಲ ಹೇಳಿ" ಅಂದಳು. ಅಚ್ಚ ಕನ್ನಡದಲ್ಲಿ. (ನನ್ನ ಎಂಟು ವರ್ಷದ ಕನ್ನಡ ಪಾಠದಿಂದ ಆಗದ್ದು ಗುಲಾಮರ ಕಾನೂನಿನಿಂದ ಆಯಿತು.)

ಶುಕ್ರವಾರ ಕ್ಲಿನಿಕ್ ಮುಗಿಸಿ ಓಡೋಡಿ ಬಂದೆ. "ಸೋತೆ," ಅಂದಳು, ನಗುತ್ತಲೇ. ಅಜ್ಜಿಯ ವಾದಕ್ಕೆ ಕ್ಲಾಸಿಗೆ ಕ್ಲಾಸೇ ಚಪ್ಪಾಳೆ ತಟ್ಟಿತಂತೆ. ಎದುರು ವಕೀಲ ತಬ್ಬಿಬ್ಬು. ಆದರೆ ಜಡ್ಜ್ ಆಗಿದ್ದ ಟೀಚರ್ ಅಂದಿನ ಕಾನೂನನ್ನು ಓದಿ ಮಾಲೀಕನನ್ನೇ ಗೆಲ್ಲಿಸಿದರಂತೆ. ಆ ಕಾಲದಲ್ಲಿ ಬಹಳಷ್ಟು ಸಲ ಆಗುತ್ತಿದ್ದುದೂ ಅದೇ.

"ಏನು ಮಾಡೋದು ಪುಟ್ಟಾ, ಆಗ ಕಾನೂನೇ ಹಾಗಿತ್ತು," ಅಂದೆ, ಸಮಾಧಾನಕ್ಕೆ.

ಮೈತ್ರಿ ಬಾಳೆಹಣ್ಣು ಸುಲಿಯುತ್ತ ಕೇಳಿದಳು: "ಆ ಕಾನೂನು ಬರೆಯೋವಾಗ ಆ ಹೆಂಗಸನ್ನ ಯಾರಾದ್ರೂ ಕೇಳಿದ್ರಾ ಅಮ್ಮ?"