ಗುಂಡೆ, ಗುಂಡಿ

ಮೊಳಕಾಲ್ಮೂರಿಗೆ ನರ್ಸಾಗಿ ಬಂದ ಮೊದಲ ವಾರವೇ ಒಬ್ಬ ಮುದುಕಿ ಎದೆ ಮುಟ್ಟಿಕೊಂಡು, "ಗುಂಡೆ ದಡದಡ ಅಂತೈತೆ" ಎಂದಳು. ನಾನು ಅವಳ ರವಿಕೆಯ ಗುಂಡಿ ನೋಡಿದೆ. ತೆಲುಗಿನಲ್ಲಿ ಗುಂಡೆಯೆಂದರೆ ಹೃದಯ ಎಂಬುದು ಕುಮಟೆಯವಳಾದ ನನಗೆ ಗೊತ್ತಿರಲಿಲ್ಲ.

ರೇಷ್ಮೆ ಸೀರೆ ನೇಯುವ ಈಶ್ವರಮ್ಮನ ಮನೆಯಲ್ಲಿ ನನಗೆ ಕೋಣೆ ಸಿಕ್ಕಿತು. ಅವರದು ತೆಲುಗು ಬೆರೆತ ಕನ್ನಡ, ನನ್ನದು ಅವಸರದ ಕರಾವಳಿ ಕನ್ನಡ. ಆದರೂ ಮಗ್ಗದ ಸದ್ದಿನ ನಡುವೆ ನಾನು ಬಾಯಿ ತೆರೆಯುವಷ್ಟರಲ್ಲಿ ಆಕೆ ನೀರಿನ ತೊಟ್ಟಿ ತೋರಿಸುತ್ತಿದ್ದರು. ಹೇಗೆ ತಿಳಿಯಿತು ಎಂದರೆ, "ಖಾಲಿ ಬಿಂದಿಗೆ ಹಿಡ್ಕಂಡು ನಿಂತೀಯ. ಇನ್ನೇನು ಉಪ್ಪು ಕೇಳ್ತೀಯಾ?"

ಒಂದು ಮಧ್ಯಾಹ್ನ ಊಟಕ್ಕೆ ಬಂದಾಗ ಆಕೆಯ ಗಂಡ ತಿಪ್ಪೇಸ್ವಾಮಿ ಮಗ್ಗದ ಮುಂದೆ ಒರಗಿದ್ದರು. ನೇಯುವಾಗ ಕಾಲಿಳಿಬಿಟ್ಟು ಕೂರುವ ಕುಣಿಗೆ ಇಲ್ಲಿ ಗುಂಡಿ ಎನ್ನುತ್ತಾರೆ. ಈಶ್ವರಮ್ಮ ಆಂಬುಲೆನ್ಸಿಗೆ ಫೋನು ಮಾಡಿ ಅಳುತ್ತಿದ್ದರು: "ಗುಂಡೆ ಹಿಡ್ಕಂಡೈತೆ, ಗುಂಡೀಲಿ ಕುಂತಂಗೇ ಒರಗವ್ರೆ. ಉಸಿರು ಆಡ್ತಿಲ್ಲ."

"ಗುಂಡಿ ಎಷ್ಟು ಆಳ ಇದೆ?" ಎಂದಿತು ಫೋನಿನ ಆಚೆಯ ದನಿ.

"ಗುಂಡಿ ಅಲ್ರೀ, ಗುಂಡೆ."

"ಮೊದಲು ಸರಿಯಾಗಿ ಕನ್ನಡ ಮಾತಾಡಿ."

ನಾನು ಫೋನು ಕಿತ್ತುಕೊಂಡು "ಎದೆನೋವು" ಎಂದೆ. ಆ ಒಂದು ಪದಕ್ಕೆ ಗಾಡಿ ಹೊರಟಿತು. ಅದು ಬರುವವರೆಗೆ ಅವರನ್ನು ಮೇಲಕ್ಕೆಳೆದು ಮಲಗಿಸಿ ಎದೆ ಒತ್ತುತ್ತಿದ್ದೆ. ಚಳ್ಳಕೆರೆಯ ಆಸ್ಪತ್ರೆಯಲ್ಲಿ ತಿಪ್ಪೇಸ್ವಾಮಿ ಉಳಿದುಕೊಂಡರು. ಆದರೆ ಮಗ್ಗಕ್ಕೆ ಇನ್ನೂ ಇಳಿದಿಲ್ಲ.

ದೂರು ಕೊಡಲು ಹೋದರೆ ಆಂಬುಲೆನ್ಸ್ ಕಚೇರಿಯ ಅಧಿಕಾರಿ, "ಭಾಷೆ ಬರದವರು ಫೋನ್ ಮಾಡಿದ್ರೆ ನಾವೇನು ಮಾಡೋದು?" ಎಂದರು.

"ಅವರಿಗೆ ಎರಡು ಭಾಷೆ ಬರುತ್ತೆ. ನಿಮಗೆ ಕೇಳಿಸಿಕೊಳ್ಳೋದು ಬರಲ್ಲ," ಎಂದು ಎದ್ದು ಬಂದೆ. ಅಳುವ ಹೆಂಗಸು ಆಂಬುಲೆನ್ಸಿಗೆ ಕರೆ ಮಾಡಿ, ಉಸಿರಾಡುತ್ತಿಲ್ಲ ಎನ್ನುತ್ತಿದ್ದಾಳೆ. ಒಂದಕ್ಷರ ಆಚೀಚೆಯಾದರೆ ಅರ್ಥವಾಗದ್ದೇನಿದೆ ಅದರಲ್ಲಿ? ಮುಖ ಕಾಣದ ಮಾತಿಗೆ ಇನ್ನಷ್ಟು ಕಿವಿಗೊಡಬೇಕಲ್ಲವೇ?

ಮನೆಗೆ ಬಂದರೆ ಈಶ್ವರಮ್ಮ ಅಕ್ಕಿ ಆರಿಸುತ್ತ ತಮ್ಮಷ್ಟಕ್ಕೆ "ಎದೆನೋವು, ಎದೆನೋವು" ಎಂದು ಬಾಯಿಪಾಠ ಮಾಡುತ್ತಿದ್ದರು. "ನಾನೇ ತಪ್ಪು ಮಾತಾಡ್ದೆ ಕಣವ್ವ," ಎಂದರು. ನನಗೆ ಆ ಅಧಿಕಾರಿಯ ಮೇಲೆ ಬಂದುದಕ್ಕಿಂತ ಹೆಚ್ಚು ಸಿಟ್ಟು ಬಂದದ್ದು ಆಗ. ಪಕ್ಕದಲ್ಲಿ ಕೂತು ನಾನೂ ಅಕ್ಕಿ ಆರಿಸಿದೆ.

ಕಳೆದ ತಿಂಗಳು ಅಮ್ಮನನ್ನು ನೋಡಲು ಕುಮಟೆಗೆ ಹೋಗಿದ್ದೆ. ಆಯಿ ಒಲೆಯ ಮುಂದಿನಿಂದ ಏನೋ ಅರ್ಧ ಮಾತು ಆಡಿದಳು. ಹಿಂದೆಲ್ಲ ಅಷ್ಟಕ್ಕೇ ಎದ್ದು ಬೇಕಾದ್ದನ್ನು ತಂದುಕೊಡುತ್ತಿದ್ದವಳು ನಾನು. ಈ ಸಲ "ಏನಂದಿ?" ಎಂದು ಕೇಳಿದೆ. ಆಯಿ ತಿರುಗಿ ಒಂದು ಗಳಿಗೆ ನನ್ನನ್ನೇ ನೋಡಿದಳು. ಆಮೇಲೆ, ಮನೆಗೆ ಬಂದ ನೆಂಟರಿಗೆ ಹೇಳುವಂತೆ, ನಿಧಾನವಾಗಿ ಪೂರ್ತಿ ವಾಕ್ಯ ಹೇಳಿದಳು.